ರಾಹುಕಾಲದಲ್ಲಿ ಏರಿದ ಚಿನ್ನ

ತಂಗಿಯ ಮಗಳಿಗೆ ಮಾಂಗಲ್ಯದ ಸರ ಕೊಳ್ಳಲು ನಾನೂ ತಂಗಿಯೂ ಕೃಷ್ಣರಾಜಪೇಟೆಗೆ ಹೋದದ್ದು ಒಂದು ಗುರುವಾರ. ನಮ್ಮಲ್ಲಿ ತಾಳಿಯ ಚಿನ್ನ ಕೊಳ್ಳುವಾಗ ಸೋದರಮಾವ ಜೊತೆಗಿರಬೇಕು. ಡೇರಿಗೆ ಹಾಲು ಹಾಕಿ ಕೂಡಿಸಿದ ಹಣವನ್ನು ತಂಗಿ ಸೆರಗಿನಲ್ಲಿ ಗಂಟು ಕಟ್ಟಿಕೊಂಡಿದ್ದಳು. ಸರ ಮಗಳ ಎದೆಯವರೆಗೆ ಇಳಿಯಬೇಕು. ಅದೊಂದೇ ಅವಳ ಆಸೆ.

ಅಂಗಡಿ ಮುಟ್ಟಿದಾಗ ಒಂದು ಇಪ್ಪತ್ತು. ದರ ಕೇಳಿದೆವು, ಹಣ ಸರಿಯಾಗಿ ಸಾಕಾಗುತ್ತಿತ್ತು. ಆದರೆ ಒಂದೂವರೆಗೆ ರಾಹುಕಾಲ. ತೂಗಿ, ಬಿಲ್ಲು ಬರೆಯುವಷ್ಟರಲ್ಲಿ ಹೊತ್ತು ಮೀರುತ್ತದೆ.

"ಮೂರ್ ಗಂಟೆ ಕಳೀಲಿ," ಎಂದೆ.

"ತೂಗ್ಸ್‌ಬುಡಣ್ಣ, ಇನ್ನೂ ಹತ್ ನಿಮಿಷ ಅದೆ."

"ತಾಳಿ ಚಿನ್ನ ಕಣವ್ವ, ಟೊಮೇಟೊ ಅಲ್ಲ."

ಊಟ ಮುಗಿಸಿ, ಮೂರು ಗಂಟೆ ಎರಡು ನಿಮಿಷಕ್ಕೆ ಮರಳಿದೆವು. ಅಂಗಡಿಯವರು ಬೋರ್ಡಿನ ದರ ಅಳಿಸಿ ಹೆಚ್ಚಿಗೆ ಬರೆದಿದ್ದರು.

"ಇದೇನಪ್ಪಾ, ಊಟ ಮಾಡೋದ್ರೊಳಗೆ?"

"ನಾನೇನ್ ಮಾಡ್ಲಿ ಯಜಮಾನ್ರೇ? ಹೊರದೇಶದ ದೊಡ್ಡ ಕುಳಗಳು ಭಯಬಿದ್ದು ಇಲ್ಲಿನ ಷೇರು ಮಾರಿ ದುಡ್ಡು ಎತ್ಕೊಂಡ್ ಓಗ್ತಾವ್ರೆ. ರೂಪಾಯಿ ಬಿತ್ತು. ಆ ದುಡ್ಡು ಚಿನ್ನಕ್ಕೆ ನುಗ್ತಾ ಅದೆ."

"ಯಾತಕ್ಕೆ ಎದುರ್ಕೊಂಡ್ರು?"

"ಅಲ್ಲೆಲ್ಲೋ ಒಂದು ಬ್ಯಾಂಕು ಮುಳುಗ್ತದಂತೆ."

"ಮುಳುಗೋಯ್ತಾ?"

"ಇನ್ನೂ ಇಲ್ಲ."

ನನಗೆ ತಲೆಬುಡ ತಿಳಿಯಲಿಲ್ಲ. ಮುಳುಗದ ಬ್ಯಾಂಕಿಗೆ ಹೆದರಿ ಹಣ ಓಡುವುದೆಂದರೇನು? ಅದು ಎಲ್ಲೋ ಓಡಿದರೆ, ಸೆರಗಿನಿಂದ ಕದಲದ ನನ್ನ ತಂಗಿಯ ಹಣ ಸವೆಯುವುದು ಹೇಗೆ? ನಲವತ್ತು ವರ್ಷ ರಾಹುಕಾಲ ನೋಡಿಯೇ ಎಲ್ಲ ಕೆಲಸ ಮಾಡಿದವನು ನಾನು. ಕಡಿಮೆ ಬಿದ್ದದ್ದನ್ನು ನಾನೇ ಹಾಕುತ್ತೇನೆ ಎಂದೆ.

"ಬ್ಯಾಡ. ಇದು ನನ್ ಹಾಲಿನ ದುಡ್ಡಲ್ಲೇ ಆಗ್ಬೇಕು. ನಾಳೆ ಇಳೀತದಾ?"

ಅಂಗಡಿಯವರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ.

"ಓದಿದೋರೇ ಇಂಗೆ ಕುಂತ್ಕಂಡ್ರೆ ಆಯ್ತು ಬುಡು," ಎಂದು ತಂಗಿ ಗಂಟು ಬಿಚ್ಚಿದಳು. "ಎಷ್ಟು ಬತ್ತದೋ ಅಷ್ಟು ಕೊಡಿ."

ಎರಡು ಬೆರಳು ಗಿಡ್ಡನೆಯ ಸರ ಬಂತು. ಮರುದಿನದಿಂದ ಪತ್ರಿಕೆಯ ವಾಣಿಜ್ಯ ಪುಟವನ್ನು ತಪ್ಪದೆ ಓದಿದೆ. ಆ ಬ್ಯಾಂಕು ಮುಳುಗಲಿಲ್ಲ. ಚಿನ್ನ ಇಳಿಯಲೂ ಇಲ್ಲ. ಯಾಕೆಂದು ಅಲ್ಲಿ ಬರೆದದ್ದನ್ನು ಎರಡೆರಡು ಬಾರಿ ಓದಿದರೂ ಅರ್ಥವಾಗಲಿಲ್ಲ.

ಧಾರೆ ಮುಗಿದ ಮೇಲೆ ತಂಗಿ ಮಗಳ ಕೊರಳಿನ ಸರವನ್ನು ಮೆಲ್ಲಗೆ ಕೆಳಕ್ಕೆ ಎಳೆದು ನೋಡಿದಳು. ಅದು ಎದೆ ಮುಟ್ಟದೆ ಅಲ್ಲೇ ನಿಂತಿತು. ಮಗಳ ಸೆರಗು ಸರಿಪಡಿಸುವವಳಂತೆ ಕೈ ತೆಗೆದಳು. ನನ್ನ ಕಡೆ ನೋಡಲಿಲ್ಲ.