ಗುಂಡುಸೂಜಿ ಕಚ್ಚಿದರೆ ತೆರೆಯುವ ಫೋನು

ಬೀದಿಯವರೆಲ್ಲ ಆ ದರ್ಜಿಯನ್ನು ಮುಚ್ಚುಬಾಯಿ ಎಂದೇ ಕರೆಯುತ್ತಿದ್ದರು. ಹಾಗೆಂದು ಅವನೇನು ಮೂಗನಲ್ಲ. ಮೂವತ್ತು ವರ್ಷದಿಂದ ತುಟಿಗಳ ನಡುವೆ ಐದಾರು ಗುಂಡುಸೂಜಿ ಕಚ್ಚಿಕೊಂಡೇ ಕೆಲಸ ಮಾಡಿದವನು. ಬಾಯಿ ಬಿಟ್ಟರೆ ಸೂಜಿ ಬೀಳುತ್ತದೆ, ಅಷ್ಟೆ.

ಅವನ ಹಳೆಯ ಫೋನು ಇಸ್ತ್ರಿಪೆಟ್ಟಿಗೆಯ ಕೆಳಗೆ ಸಿಕ್ಕಿ ಅಪ್ಪಚ್ಚಿಯಾದಾಗ ಮಗಳು ಹೊಸ ಸ್ಮಾರ್ಟ್‌ಫೋನು ಹಿಡಿದು ಅಂಗಡಿಗೇ ಬಂದಳು.

"ಅಪ್ಪಾ, ಇಲ್ಲಿ ನೋಡು. ಇನ್ಮೇಲೆ ನಿನ್ನ ಮುಖಾನೇ ಇದಕ್ಕೆ ಬೀಗದ ಕೈ."

ಪ್ಯಾಂಟಿನ ಅಂಚು ಮಡಿಚುತ್ತಿದ್ದವನು ಕತ್ತೆತ್ತಿ ಎಡಕ್ಕೆ, ಬಲಕ್ಕೆ ತಿರುಗಿ ಮುಖ ತೋರಿಸಿದ. ಫೋನು ಟಿಂಗ್ ಎಂದಿತು. ಮುಖ ಗುರುತು ಹಿಡಿಯದಿದ್ದರೆ ಒತ್ತಲೆಂದು ಆರು ಅಂಕಿಯನ್ನೂ ಹೇಳಿಕೊಟ್ಟು ಮಗಳು ತನ್ನೂರಿನ ಬಸ್ಸು ಹತ್ತಿದಳು. ಬಾಯಲ್ಲಿದ್ದ ಸೂಜಿಗಳ ಕಡೆ ಯಾರ ಗಮನವೂ ಹೋಗಲಿಲ್ಲ. ಅವು ಅವನ ಮುಖಕ್ಕೆ ಮೀಸೆ ಇದ್ದ ಹಾಗೆ.

ದರ್ಜಿಗೆ ಹಿಗ್ಗೋ ಹಿಗ್ಗು. ಟಾರ್ಚು ಹಾಕಿ ಸೂಜಿಗೆ ದಾರ ಪೋಣಿಸಿದ. ಜಿಪ್ಪಿನ ಫೋಟೋ ತೆಗೆದು ಹಿಗ್ಗಿಸಿ ನೋಡಿ, ಮೊಸಳೆ ಬಾಯೆಂದು ಬೆಚ್ಚಿಬಿದ್ದ. ಮನೆಗೆ ತಂದರೆ ಮಾತ್ರ ಅದು ತೆರೆಯುತ್ತಿರಲಿಲ್ಲ.

"ಪಾಪ, ದಣಿದಿರುತ್ತೆ ಕಣೇ. ಮಲಗ್ಲಿ ಬಿಡು," ಎಂದು ಹೆಂಡತಿಗೆ ಹೇಳಿ ಅದಕ್ಕೊಂದು ಕರವಸ್ತ್ರ ಹೊದಿಸುತ್ತಿದ್ದ.

ಅದೇ ವಾರ ಶಾಲೆಯ ಹೆಡ್ ಮೇಡಂ ಹಾಡುವ ಮಕ್ಕಳಿಗೆ ಹನ್ನೆರಡು ಕೋಟು ಬೇಕೆಂದರು. ವರ್ಷಗಟ್ಟಲೆ ಹರಿದ ಅಂಚು, ಕೆಟ್ಟ ಜಿಪ್ಪು ನೋಡಿ ಬೇಸತ್ತವನಿಗೆ ಕೋಟು ಎಂದರೆ ಜೀವ. ಮಕ್ಕಳ ಅಳತೆ ತೆಗೆದು ಎಲ್ಲವನ್ನೂ ಫೋನಿಗೇ ತುಂಬಿಸಿದ. "ಸೋಮವಾರ ಹತ್ತು ಗಂಟೆಗೆ ಅಳತೆ ಪಟ್ಟಿ ನನ್ನ ಮೇಜಿನ ಮೇಲಿರಬೇಕು. ಇಲ್ಲದಿದ್ರೆ ಎದುರು ಬೀದಿ ದರ್ಜಿಗೆ ಕೊಡ್ತೀನಿ," ಎಂದಿದ್ದರು ಮೇಡಂ.

ಸೋಮವಾರ ಗಂಡಹೆಂಡಿರಿಬ್ಬರೂ ಮೇಡಂ ಕೋಣೆಗೆ ಹೋದರು. ದರ್ಜಿ ಫೋನಿಗೆ ಮುಖ ಹಿಡಿದ. ಫೋನು ಒಲ್ಲೆ ಎಂದಿತು. ನಕ್ಕ, ಹಲ್ಲು ಕಿರಿದ, ಕನ್ನಡಕ ಒರೆಸಿದ. ಊಹುಂ! ಅರ್ಧ ಊರಿನ ಸೊಂಟದ ಅಳತೆ ನಾಲಿಗೆ ತುದಿಯಲ್ಲಿದ್ದವನಿಗೆ ಆ ಆರು ಅಂಕಿ ನೆನಪಾಗಲಿಲ್ಲ. ಮಗಳನ್ನು ಕೇಳೋಣವೆಂದರೆ ಅವಳ ನಂಬರೂ ಅದರೊಳಗೇ.

"ಹತ್ತೂ ಐದಾಯ್ತು," ಎಂದರು ಮೇಡಂ.

ಹೆಂಡತಿ ಗಂಡನ ಮುಖವನ್ನೇ ದಿಟ್ಟಿಸಿದಳು. "ರೀ, ನಿಮ್ಮ ಮುಖದಲ್ಲಿ ಏನೋ ಕಮ್ಮಿ ಇದೆ," ಎಂದವಳೇ ಮೇಜಿನ ಮೇಲಿನ ಡಬ್ಬಿಯಿಂದ ಆರು ಗುಂಡುಸೂಜಿ ತೆಗೆದು ಅವನ ಬಾಯಿಗಿಟ್ಟಳು. ಫೋನು ತಟ್ಟನೆ ತೆರೆಯಿತು.

ಓದಲೆಂದು ಸೂಜಿಗಳನ್ನು ಒಂದೊಂದಾಗಿ ತೆಗೆಯುವಷ್ಟರಲ್ಲಿ ಪರದೆ ಮತ್ತೆ ಕಪ್ಪು. ಬೇರೆ ದಾರಿಯಿಲ್ಲದೆ ಸೂಜಿ ಕಚ್ಚಿಕೊಂಡೇ ಓದಿದ: "ಉಮ್ಮುಂ, ಉಂಉಂ..."

"ಮೊದಲ್ನೇ ಹುಡುಗಿ, ಎದೆ ಇಪ್ಪತ್ತಾರು, ತೋಳು ಹದಿನೆಂಟು," ಎಂದಳು ಹೆಂಡತಿ.

ಮೇಡಂ ಕಣ್ಣರಳಿಸಿದರು. "ನಿಮಗೆ ಹೇಗಮ್ಮಾ ಅರ್ಥವಾಗುತ್ತೆ?"

"ಮೂವತ್ತು ವರ್ಷ ಇದೇ ಸಂಸಾರ ಮೇಡಂ. ಜಗಳಾನೂ ಹೀಗೇ ಆಡಿದ್ದೀವಿ."

ಹನ್ನೆರಡು ಮಕ್ಕಳದ್ದೂ ಬರೆದಾಯಿತು. ಆದರೂ ಮೇಡಂ ಆರ್ಡರ್ ಕಾಗದಕ್ಕೆ ಸಹಿ ಹಾಕದೆ ಪೆನ್ನು ಕುಣಿಸುತ್ತಾ ಕೂತರು. "ಅಳತೆ ಸರಿಯಿದೆ ಅಂತ ನಾನು ಹೇಗೆ ನಂಬಲಿ? ನನಗೂ ಒಂದು ಕೋಟು ಬೇಕು. ಎಲ್ಲಿ, ನಂದು ತೆಗೀರಿ ನೋಡೋಣ," ಎಂದು ಎದ್ದು ನಿಂತರು.

ದರ್ಜಿ ಸೂಜಿ ಕಚ್ಚಿಕೊಂಡೇ ಅವರ ಸೊಂಟಕ್ಕೆ ಟೇಪು ಸುತ್ತಿದ. ಹುಬ್ಬು ಮೇಲೇರಿತು. "ಉಂ... ಉಮ್ಮೂಂ."

ಹೆಂಡತಿ ಸಹಿ ಬೀಳದ ಕಾಗದದ ಕಡೆ ಕಣ್ಣು ಹಾಯಿಸಿದಳು. "ಮೂವತ್ತೆಂಟು ಅಂತಾರೆ ಮೇಡಂ."

"ಉಮ್ಮುಮ್ಮುಂ!" ದರ್ಜಿ ಜೋರಾಗಿ ತಲೆಯಾಡಿಸಿದ.

"ಈಚೆಗೆ ಸಣ್ಣ ಆಗಿದ್ದೀರಂತೆ."

ಮೇಡಂ ಮುಖ ಹೂವಾಯಿತು. "ನಾನೂ ಅದೇ ಅಂದ್ಕೊಂಡಿದ್ದೆ. ಭಲೇ ಕೈ ನಿಮ್ಮದು!" ಸಹಿ ಬಿತ್ತು.

ಗೇಟು ದಾಟಿದ್ದೇ ತಡ, ದರ್ಜಿ ಸೂಜಿಗಳನ್ನು ಅಂಗೈಗೆ ಉಗಿದ. "ನಲವತ್ತೆರಡು ಅಂದೆ ಕಣೇ ನಾನು!"

"ಹೊಲಿಯೋದು ನಲವತ್ತೆರಡಕ್ಕೇ ಹೊಲೀರಿ," ಎಂದಳು ಹೆಂಡತಿ. "ಹೇಳೋಕೆ ಮಾತ್ರ ಮೂವತ್ತೆಂಟು."