ಬಗ್ಗದ ಹೆಗಲು

ಹನುಮಸಾಗರದಲ್ಲಿ ಇನ್ನೂ ಕೋಳಿ ಕೂಗಿ ಮುಗಿದಿಲ್ಲ, ಹುಲಿಗವ್ವನವರ ಅಂಗಳದಲ್ಲಿ ಯಮನೂರಸಾಬ ನದಾಫರ ಬಿಲ್ಲು ಆಗಲೇ ಮಾತಾಡುತ್ತಿದೆ. ತೊಲೆಗೆ ತೂಗುಬಿಟ್ಟ ಆಳುದ್ದದ ಬಿಲ್ಲು ಅದು. ಅದರ ನರವನ್ನು ಮರದ ಗುಂಡಿನಿಂದ ಮೀಟಿದಾಗಲೆಲ್ಲ ಟಂಯ್ ಎಂದು ಸದ್ದು ಹೊರಡುತ್ತದೆ, ಗಂಟುಗಟ್ಟಿದ ಅರಳೆ ಬಿಡಿಸಿಕೊಂಡು ಮೇಲೇಳುತ್ತದೆ. ಮೊಮ್ಮಗಳ ಮದುವೆಗೆ ಗಾದಿ ಆಗಬೇಕು, ಅದೂ ಮಷೀನಿಗೆ ಹಾಕಿದ್ದಲ್ಲ, ಬಿಲ್ಲಿನಲ್ಲಿ ಹಿಂಜಿದ್ದೇ ಆಗಬೇಕೆಂದು ಹುಲಿಗವ್ವನವರ ಹಟ. ಸಾಬರ ಹುಬ್ಬು, ಮೀಸೆ, ಗಡ್ಡವೆಲ್ಲ ಅರಳೆ ಕೂತು ಬೆಳ್ಳಗಾಗಿವೆ. ಅರವತ್ತರ ಮನುಷ್ಯ ತೊಂಬತ್ತರವರಂತೆ ಕಾಣುತ್ತಾರೆ.

ಮಸೀದಿಯ ಬಾಂಗ್ ಕೇಳಿದ್ದೇ ಬಿಲ್ಲು ನಿಲ್ಲುತ್ತದೆ. ಹುಲಿಗವ್ವನವರು ತಂಬಿಗೆ ನೀರು ತಂದಿಡುತ್ತಾರೆ. ಸಾಬರು ಮುಖ ತೊಳೆದು, ಮೊಣಕೈತನಕ ಕೈ ತೊಳೆದು, ಒದ್ದೆಗೈ ತಲೆಗೆ ಸವರಿ, ಪಾದ ತೊಳೆದು, ದನಕ್ಕೆ ಮೇವು ಹಾಕುವ ಗೋದಲಿಯ ಪಕ್ಕ ಬಟ್ಟೆ ಹಾಸಿ ನಿಲ್ಲುತ್ತಾರೆ. ಮುಗಿಸಿ ಬಂದು ಚಹಾ ಬಟ್ಟಲು ಹಿಡಿದು, ಪತ್ರಿಕೆಗೆ ಬರೆಯಲು ಬಂದ ನಮಗೆ ಹೇಳುತ್ತಾರೆ: “ದಿನಕ್ಕ ಐದು ಸಲ ಕರೀತಾರ್ರಿ. ಇಷ್ಟ ಸಲ ನಮ್ಮನ್ನ ಮತ್ಯಾರು ಕರೀತಾರ ಹೇಳ್ರಿ? ಗಾದಿ ಹರದಾಗಷ್ಟ ನೆನಪಾಗೋ ಮಂದಿ ನಾವು.”

ಅವರನ್ನು ಗಾದಿ ಮಾಡುವವರೆಂದು ಊರೆಲ್ಲ ಬಲ್ಲದು. ಒಂದು ಕಾಲಕ್ಕೆ ದಿನಕ್ಕೆರಡು ಗಾದಿ ಮುಗಿಸುತ್ತಿದ್ದರು. ಫೋಮಿನ ಹಾಸಿಗೆ ಬಂದ ಮೇಲೆ ವಾರಕ್ಕೆ ಒಂದು ಸಿಕ್ಕರೆ ಪುಣ್ಯ. ಆದರೆ ಅವರಿಗೆ ಇನ್ನೊಂದು ಕೆಲಸವಿದೆ, ಅದಕ್ಕೆ ಹೆಸರೂ ಇಲ್ಲ, ಕೂಲಿಯೂ ಇಲ್ಲ. ಕುಷ್ಟಗಿ, ಯಲಬುರ್ಗಾ, ಕೊಪ್ಪಳ ಕಡೆಯ, ಇವರಂತೆ ಅರಳೆ ಹಿಂಜುವ ಪಿಂಜಾರರ ಓಣಿಗಳಲ್ಲಿ ಸಾವಾದರೆ ಇವರಿಗೆ ಫೋನು ಬರುತ್ತದೆ. ಸಾಬರು ಬಿಲ್ಲು ಇಳಿಸಿಟ್ಟು ಬಸ್ಸು ಹತ್ತುತ್ತಾರೆ. ಖಬರಸ್ತಾನದಲ್ಲಿ ಹೆಣವನ್ನು ಮುಂದಿಟ್ಟು ಮಾಡುವ ಜನಾಜಾ ನಮಾಜಿಗೆ ಸಾಲು ಕಟ್ಟುವಾಗ, ಸತ್ತವರ ಮಗನ ಪಕ್ಕಕ್ಕೆ ಹೋಗಿ ಹೆಗಲಿಗೆ ಹೆಗಲು ಹಚ್ಚಿ ನಿಲ್ಲುತ್ತಾರೆ. ಇಷ್ಟೇ ಅವರ ಕೆಲಸ.

“ಮೊದ್ಲ ಕಿವ್ಯಾಗ ಹೇಳಿರ್ತೀನ್ರಿ. ಇದು ದಿನದ ನಮಾಜಿನಂಗ ಅಲ್ಲಪಾ, ಇದರಾಗ ಬಗ್ಗೋದಿಲ್ಲ, ಹಣೀ ಊರೋದಿಲ್ಲ. ನನ್ನ ಹೆಗಲ ಬಗ್ಗೂತನಕ ನೀನೂ ಬಗ್ಗಬ್ಯಾಡ ಅಂತೀನಿ. ನಾ ಬಗ್ಗಂಗಿಲ್ಲ. ಅವನೂ ಬಗ್ಗಂಗಿಲ್ಲ.”

ಈ ಕೆಲಸ ಎಲ್ಲಿಂದ ಗಂಟುಬಿತ್ತೆಂದು ಕೇಳಿದರೆ ಮಾತ್ರ ಸಾಬರ ಕಣ್ಣು ನೆಲ ನೋಡುತ್ತದೆ. ಕೇಳಿದವರಿಗೆಲ್ಲ ಹೇಳುವ ಮಾತಲ್ಲ ಅದು. ಅರಳೆ ಬಿಡಿಸುತ್ತಲೇ ಹೇಳತೊಡಗುತ್ತಾರೆ.

ಅಪ್ಪ ಬಿಲ್ಲು ಹೆಗಲಿಗೇರಿಸಿ ಊರೂರು ತಿರುಗುವವ. ಮನೆಯ ಮಾತು ಕನ್ನಡ. ಮೊಹರಮ್ಮಿಗೆ ಪಂಜಾ ಹಿಡಿಯುವುದು ಗೊತ್ತು, ವರ್ಷಕ್ಕೆರಡು ಹಬ್ಬಕ್ಕೆ ಈದ್ಗಾಕ್ಕೆ ಹೋಗುವುದು ಗೊತ್ತು. ನಮಾಜು ಕಲಿಸುವ ಪುರುಸೊತ್ತು ಯಾರಿಗಿತ್ತು? ಪಕ್ಕದವನು ಬಗ್ಗಿದರೆ ಬಗ್ಗುವುದು, ಎದ್ದರೆ ಏಳುವುದು. ಬಾಯಿ ಸುಮ್ಮನೆ ಪಿಟಿಪಿಟಿ ಅಂದರೆ ಆಯಿತು. ಹೀಗೆ ನಡೆಯುತ್ತಿದ್ದಾಗ, ಎರಡು ಸಾವಿರದ ನಾಲ್ಕರಲ್ಲಿ ತಾಯಿ ತೀರಿಹೋದರು.

ಮಗನಲ್ಲವೇ, ಮೊದಲ ಸಾಲಿನ ನಡುವೆ ನಿಲ್ಲಿಸಿದರು. ಮುಂದೆ ಇಮಾಮರು, ಅವರ ಮುಂದೆ ತಾಯಿಯ ಹೆಣ. ನೋಡಿಕೊಂಡು ಮಾಡೋಣವೆಂದರೆ ಅಕ್ಕಪಕ್ಕದವರೂ ಇವರ ಕಡೆಯವರೇ, ಅವರು ಇವರನ್ನೇ ನೋಡುತ್ತಿದ್ದಾರೆ. ಇಮಾಮರು ಎರಡನೇ ಸಲ ‘ಅಲ್ಲಾಹು ಅಕ್ಬರ್’ ಅಂದರು. ಯಮನೂರಸಾಬರು ಮೊಣಕಾಲಿಗೆ ಕೈಕೊಟ್ಟು ಬಗ್ಗಿದರು. ಮಗ ಬಗ್ಗಿದ್ದು ಕಂಡು ಸಾಲೂ ಬಗ್ಗಿತು, ಹಿಂದಿನ ಸಾಲೂ ಬಗ್ಗಿತು. ಇಮಾಮರು ನೆಟ್ಟಗೆ ನಿಂತೇ ಇದ್ದರು.

“ಬಗ್ಗೋದು ಅಲ್ಲಾನ ಮುಂದ ಮಾತ್ರ ರೀ. ಹೆಣದ ಮುಂದ ಬಗ್ಗಬಾರದು ಅಂತನ ಈ ನಮಾಜು ನಿಂತು ಮಾಡೋದು. ಅದನ್ನೂ ತಿಳೀದ ಮಗ ನಾನು. ಯಾರೋ ಕೆಮ್ಮಿದ್ರು, ಯಾರೋ ನಕ್ರು. ಮಣ್ಣು ಕೊಟ್ಟು ಬರುವಾಗ ಗೇಟಿನ ಹತ್ರ ಒಬ್ಬಾವ ಅಂದ, ಪಿಂಜಾರ್ರು ಹೆಣಕ್ಕ ಬಗ್ಗಿ ರುಕೂ ಮಾಡ್ಯಾರ ಅಂತ. ನಮ್ಮವ್ವ ಹೊತ್ತು ಹೆತ್ತಾಕಿ. ಆಕಿಗೆ ನಾ ಮಾಡಬೇಕಾಗಿದ್ದು ಅದೊಂದ ನಮಾಜು. ಅದೂ ನನ್ನ ಕೈಲೆ ನೆಟ್ಟಗ ಆಗ್ಲಿಲ್ಲ.”

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಸಾಬರು ಮಸೀದಿಯ ಓಣಿಯನ್ನೇ ಬಿಟ್ಟರು. ಶುಕ್ರವಾರ ಬಂತೆಂದರೆ ಬೇಕಂತಲೇ ದೂರದ ಹಳ್ಳಿಯ ಕೆಲಸ ಹಿಡಿಯುತ್ತಿದ್ದರು. ಮಸೀದಿಗೆ ಹಾಸುವ ಉದ್ದನೆಯ ಗಾದಿ ಮಾತ್ರ ರಂಜಾನಿಗೆ ಮುಂಚೆ ಹೊಲಿದು, ಬಾಗಿಲಲ್ಲಿಟ್ಟು ಬಂದುಬಿಡುತ್ತಿದ್ದರು. ತಾವು ಹೊಲಿದ ಹಾಸಿನ ಮೇಲೆ ತಾವು ನಿಲ್ಲಲಿಲ್ಲ.

ಆಗಲೂ ಹುಲಿಗವ್ವನವರ ಮನೆಯ ಕೆಲಸವಿತ್ತು. ಬಾಂಗ್ ಆದರೂ ಸಾಬರು ಏಳದ್ದು ಕಂಡು, “ಯಾಕಪ, ನಮಾಜು ಇಲ್ಲೇನು?” ಅಂದರು ಆಕೆ. ಗೊತ್ತಿಲ್ಲ ಅನ್ನಲು ನಾಚಿಕೆ. “ಮಾಡ್ತೀನಿ ಬೇ,” ಅಂದು ಗೋದಲಿಯ ಹತ್ತಿರ ಹೋಗಿ ಸುಮ್ಮನೆ ಬಗ್ಗಿ ಎದ್ದು ಬಂದರು. ಮರುದಿನದಿಂದ ಆಕೆ ನೀರನ್ನೂ ತಂದಿಡತೊಡಗಿದರು. ಕಳ್ಳನಿಗೆ ಕದ ತೆರೆದಿಟ್ಟಂತಾಯಿತು. ಒಂದು ಬೆಳಗು ಆಕೆ ತಂಬಿಗೆ ಕೊಡುತ್ತ ಅತ್ತುಬಿಟ್ಟರು: “ಮಗಳು ಹೆರಿಗಿಗೆ ಹೋಗ್ಯಾಳ, ಭಾಳ ತ್ರಾಸ ಐತಂತ. ನಿನ್ನ ನಮಾಜಿನ್ಯಾಗ ಆಕಿ ಹೆಸರು ಹೇಳಪ.”

ಸಾಬರು ಅಂದೂ ಹೋಗಿ ನಿಂತರು. ಹೇಳಲು ಒಂದು ಮಾತೂ ಬರದೆ ನಿಂತರು. ಸಂಜೆಗೆ ಹೆರಿಗೆಯಾಗಿ ತಾಯಿ ಮಗು ಸುಖವಾಗಿದ್ದಾರೆಂಬ ಸುದ್ದಿ ಬಂತು. ಹುಲಿಗವ್ವನವರು ಸಕ್ಕರೆ ಹಿಡಿದು ಓಡಿಬಂದು, “ನಿನ್ನ ನಮಾಜು ಮುಟ್ಟಿತು,” ಅಂದು ಬಾಯಿಗೇ ಹಾಕಿದರು.

“ಆ ಸಕ್ಕರಿ ನುಂಗಾಕ ಆಗ್ಲಿಲ್ರಿ,” ಅನ್ನುತ್ತಾರೆ ಸಾಬರು. “ಖಬರಸ್ತಾನದಾಗ ಮಂದಿ ನಕ್ಕಿದ್ದು ತಡಕೊಂಡಿದ್ದೆ. ಈ ತಾಯಿ ನಂಬಿದ್ದು ತಡಕೊಳ್ಳಾಕ ಆಗ್ಲಿಲ್ಲ.”

ಅಲ್ಲಿಂದ ನೆಟ್ಟಗೆ ಹೋದದ್ದು ಹೈದರಸಾಬರ ಮನೆಗೆ. ಮಸೀದಿಯಲ್ಲಿ ಬಾಂಗ್ ಕೂಗುತ್ತಿದ್ದ ಆ ಮುದುಕರು ಈಗಿಲ್ಲ. ಅವರು ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ದಿನಾ ಬಂದು ಅರಳೆಯ ರಾಶಿಯ ಪಕ್ಕ ಕೂತರು. ನಾಲಿಗೆ ಹೊರಳದ ಮಾತುಗಳನ್ನು ಬಿಲ್ಲಿನ ಒಂದು ಪೆಟ್ಟಿಗೆ ಒಂದರಂತೆ ಹೇಳಿಕೊಟ್ಟರು. ಇಂದಿಗೂ ಸಾಬರು ಅರಳೆ ಹಿಂಜುವಾಗ ತುಟಿ ಅಲುಗುವುದು ಅದೇ ರೂಢಿಯಿಂದ. ತಾಯಿಯ ನಮಾಜು ಕೆಡಿಸಿದೆನೆಂದು ಇವರು ಅತ್ತಾಗ ಹೈದರಸಾಬರು ಹೇಳಿದ್ದಿಷ್ಟು: “ಆಕಿದು ಕೆಟ್ಟಿಲ್ಲೊ ತಮ್ಮಾ, ಇಮಾಮ್ರು ನೆಟ್ಟಗ ನಿಂತಿದ್ರಲ್ಲ. ನಿಂದಷ್ಟ ಡೊಂಕಾಗಿತ್ತು. ನಮಾಜು ಅಂದ್ರ ಅಲ್ಲಾನ ಮುಂದ ಹಾಜರಿ. ನಾಚಿಕಿ ಬಂದೈತಿ ಅಂತ ಗೈರಹಾಜರಿ ಇದ್ರ ಹೆಂಗ?”

ಆ ಮಾತು ಸಾಬರನ್ನು ಮಸೀದಿಗೆ ಮರಳಿಸಿತು, ಆದರೆ ನಾಚಿಕೆಯನ್ನು ತೊಳೆಯಲಿಲ್ಲ. ತನ್ನಂತೆ ಇನ್ನೊಬ್ಬ ಮಗ ತಾಯಿಯ ಮುಂದೆ ತಲೆತಗ್ಗಿಸಬಾರದೆಂದು ಸಾವಿನ ಮನೆಗಳಿಗೆ ಹೋಗತೊಡಗಿದರು. ಎಷ್ಟು ಮಂದಿಯ ಪಕ್ಕ ನಿಂತಿದ್ದಾರೋ, ಅವರು ಲೆಕ್ಕ ಇಟ್ಟಿಲ್ಲ.

ದೀಪದ ಬುಡದಲ್ಲೇ ಕತ್ತಲು ಅನ್ನುವುದು ಸುಳ್ಳಲ್ಲ. ಸಾಬರ ಒಬ್ಬನೇ ಮಗ ದಾದಾಪೀರ ಗಿಣಿಗೇರಾದ ಕಬ್ಬಿಣದ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸಗಾರ. ಅಜ್ಜಿಯ ಜನಾಜಾದ ದಿನ ಅವನು ಚಿಕ್ಕವ. ಹಿಂದಿನ ಸಾಲಿನಲ್ಲಿ ನಿಂತಿದ್ದ, ಅಪ್ಪ ಬಗ್ಗಿದ್ದು ಕಂಡು ಪುಟ್ಟ ಮೊಣಕಾಲಿಗೆ ಕೈಕೊಟ್ಟು ತಾನೂ ಬಗ್ಗಿದ್ದ. ಊರವರ ಮಕ್ಕಳಿಗೆಲ್ಲ ಹೇಳಿದ ಮಾತನ್ನು ಅವನಿಗೆ ಮಾತ್ರ ಸಾಬರು ಹೇಳಿಲ್ಲ. ಹೇಳಬೇಕೆಂದರೆ ಆ ದಿನವನ್ನೂ ಹೇಳಬೇಕಲ್ಲ.

ಹೋದ ಬೇಸಿಗೆಯಲ್ಲಿ ಗಿಣಿಗೇರಾದಲ್ಲೇ ಒಂದು ಸಾವಾಯಿತು. ಸಾಬರು ಎಂದಿನಂತೆ ಮೊದಲ ಸಾಲಿನಲ್ಲಿ ನಿಂತರು. ಪಾಳಿ ಮುಗಿಸಿ ಬಂದ ದಾದಾಪೀರ ಕೈಕಾಲು ತೊಳೆದು ಕೊನೆಯ ಸಾಲಿಗೆ ಸೇರಿಕೊಂಡ.

“ನಮಾಜಿನ್ಯಾಗ ಹಿಂದಕ್ಕ ಹೊಳ್ಳಿ ನೋಡಾಕ ಬರಂಗಿಲ್ಲ. ಅವ ನೆಟ್ಟಗ ನಿಂತನೋ, ಬಗ್ಗಿದನೋ, ನನಗ ಗೊತ್ತಾಗ್ಲಿಲ್ಲ. ಆಮ್ಯಾಲ ಕೇಳಬೇಕಂತ ಬಾಜೂಕ ಹೋದೆ. ಊಟ ಆತೇನಪಾ ಅಂತಷ್ಟ ಕೇಳಿ ಬಸ್ಸು ಹತ್ತಿದೆ.”

ಗಾದಿಯ ಕೊನೆಯ ಹೊಲಿಗೆ ಬೀಳುವ ಹೊತ್ತಿಗೆ ಬಿಸಿಲು ಅಂಗಳಕ್ಕಿಳಿದಿದೆ. ಅಂದು ಹೆರಿಗೆಯಲ್ಲಿ ಹುಟ್ಟಿದ ಕೂಸೇ ಈಗ ಮದುಮಗಳು, ಅವಳ ಗಾದಿ ಇದು. ಅಂದಿನ ನಮಾಜು ಸುಳ್ಳೆಂದು ಸಾಬರು ಹುಲಿಗವ್ವನವರಿಗೆ ಎಂದೋ ಹೇಳಿದ್ದಾರೆ. “ನಾ ಕೊಟ್ಟ ನೀರು ಖರೇ ಇತ್ತಲ್ಲ, ಬಿಡಪ,” ಅಂದಿದ್ದರಂತೆ ಆಕೆ.

ಪತ್ರಿಕೆಯಲ್ಲಿ ನಿಮ್ಮ ಹೆಸರು ಹಾಕುವುದೋ, ಮರೆಸುವುದೋ ಎಂದು ಕೇಳಿದರೆ ಸಾಬರು ಸೂಜಿಯನ್ನು ಬಟ್ಟೆಗೆ ಚುಚ್ಚಿಡುತ್ತಾರೆ. ಓಣಿಯವರು ಓದುತ್ತಾರೆ, ಅಂದು ನಕ್ಕವರೂ ಓದುತ್ತಾರೆ. ಮುಖ ಕೆಂಪಾಗುತ್ತದೆ.

“ಹಾಕ್ರಿ,” ಅನ್ನುತ್ತಾರೆ ಕಡೆಗೆ. “ಹೆಸರು ಇಲ್ಲಂದ್ರ ನನ್ನ ಮಗನಿಗೆ ಹೆಂಗ ಗೊತ್ತಾಗಬೇಕು? ನನ್ನ ಸರತಿ ಬಂದಾಗ ಅವನ ಬಾಜೂಕ ನಾ ಇರಂಗಿಲ್ಲ. ಇಮಾಮ್ರು ನಾಕು ಸಲ ಅಲ್ಲಾಹು ಅಕ್ಬರ್ ಅಂತಾರ, ಒಂದು ಸಲಾನೂ ಬಗ್ಗಬ್ಯಾಡ ಮಗನ, ನಿಮ್ಮಪ್ಪಗ ಆಗ ತಿಳಿದಿದ್ದಿಲ್ಲ ಅಂತ ಬರೀರಿ.”