ಅಕ್ಕನ ಕಾಲಿಗೆ ಬೀಳಲು ಸೊಕ್ಕೆಗೆ

ಯುಗಾದಿಯ ಮರುದಿನ ಎಂದಿನಂತೆ ಐದೂವರೆಗೆ ಎದ್ದು ಹಾಲು ಕಾಯಿಸಿದೆ, ಹೊಸಿಲು ತೊಳೆದೆ, ಯಜಮಾನರ ಡಬ್ಬಿಗೆ ಹಿಂದಿನ ದಿನದ ಹೋಳಿಗೆ ಹಾಕಿದೆ. ಆಮೇಲೆ ಒಂದು ಸ್ಟೀಲ್ ಡಬ್ಬಿಗೆ ಬೇವು-ಬೆಲ್ಲ ತುಂಬಿಕೊಂಡು ಚನ್ನಗಿರಿ ಬಸ್ ನಿಲ್ದಾಣಕ್ಕೆ ನಡೆದೆ. ಸೊಕ್ಕೆಯಲ್ಲಿರುವ ರತ್ನಕ್ಕ ನನ್ನೊಡನೆ ಮಾತು ಬಿಟ್ಟು ವರ್ಷವಾಗಿತ್ತು. ಭಾವನ ಮನೆಯವರು ಬೌದ್ಧರಾದ ಮೇಲೆ ಯುಗಾದಿ ಬಿಟ್ಟಿದ್ದೇವೆ ಎಂದು ಅವಳು ಫೋನಿನಲ್ಲಿ ಹೇಳಿದಾಗ, “ಪುಸ್ತಕ ಓದಿ ಅಪ್ಪನ ಹಬ್ಬ ಮರೆತೆಯಾ?” ಎಂದು ಅಂದುಬಿಟ್ಟಿದ್ದೆ.

ಇದನ್ನು ಸರಿಮಾಡುವ ದಾರಿ ನನಗೆ ಗೊತ್ತಿತ್ತು. ನಮ್ಮ ಕಡೆ ಯುಗಾದಿಯ ಚಂದ್ರನನ್ನು ನೋಡಿದ ಮೇಲೆ ಕಿರಿಯರು ಹಿರಿಯರ ಕಾಲಿಗೆ ಬೀಳುತ್ತಾರೆ. ಅವರು ತಲೆಯ ಮೇಲೆ ಕೈಯಿಟ್ಟರೆ ವರ್ಷದ ಸಿಟ್ಟೆಲ್ಲ ಅಲ್ಲಿಗೆ ಮುಗಿಯಿತು. ಯಾರೂ ಬಾಯಿಬಿಟ್ಟು ತಪ್ಪಾಯಿತು ಎನ್ನಬೇಕಿಲ್ಲ.

ಆಧಾರ್ ತೋರಿಸಿ ಶೂನ್ಯ ಟಿಕೆಟ್ಟಿನಲ್ಲಿ ದಾವಣಗೆರೆ ತಲುಪಿ, ಅಲ್ಲಿ ಜಗಳೂರಿನ ಬಸ್ಸು ಹತ್ತಿದೆ. ಹಸಿರು ಹಿಂದೆ ಉಳಿಯಿತು. ಕಿಟಕಿಯ ಸರಳು ಮುಟ್ಟಲಾಗದಷ್ಟು ಕಾದಿತ್ತು. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಹುರಿದ ಶೇಂಗಾ ನನ್ನ ಅಂಗೈಗೆ ಸುರಿದು ಕೇಳಿದಳು: “ತವರಿಗೇನ್ರೀ?”

“ಅಕ್ಕನ ಮನೆಗೆ.”

“ಅಕ್ಕ ಇದ್ದಲ್ಲೇ ತವರು ಬಿಡ್ರೀ.”

ಜಗಳೂರಿನಲ್ಲಿ ಮತ್ತೊಂದು ಬಸ್ಸು ಹಿಡಿದು ಸೊಕ್ಕೆ ತಲುಪಿದಾಗ ಮೂರು ಗಂಟೆ. “ಬಿಸಿಲಾಗೆ ಬಂದ್ಯಾ?” ಎಂದು ಅಕ್ಕ ನೀರು ಕೊಟ್ಟಳು. ಡಬ್ಬಿ ತೆರೆದು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು. “ಬೆಲ್ಲ ಜಾಸ್ತಿ ಆಗೈತೆ.” ಅಷ್ಟೇ, ಒಳಗೆ ಹೋದಳು.

ಮೇಷ್ಟರಾಗಿರುವ ಭಾವ ಕುರ್ಚಿ ಎಳೆದು ಕೂತರು. “ಯಾವುದೋ ರಾಜ ಗೆದ್ದ ನೆನಪಿಗೆ ಈ ಹಬ್ಬ ಶುರುವಾತು ಅಂತಾರಮ್ಮ. ಆ ರಾಜಗೂ ನಮಗೂ ಏನು ಸಂಬಂಧ?”

“ಇರಬಹುದು ಭಾವ. ನಮ್ಮಪ್ಪನಿಗೆ ಯಾವ ರಾಜನೂ ಗೊತ್ತಿರಲಿಲ್ಲ. ಜಗಳ ಆಡಿದ ನಮ್ಮಿಬ್ಬರನ್ನ ಒಂದು ಮಾಡೋಕೆ ಈ ದಿನ ಇಟ್ಟುಕೊಂಡಿದ್ದರು.”

ಭಾವ ನಕ್ಕರು. ಒಳಗೆ ಪಾತ್ರೆಯ ಸದ್ದು ಒಂದು ಕ್ಷಣ ನಿಂತಿತು.

ಸಂಜೆ ಅಕ್ಕ ಒಣಗಿದ ಬಟ್ಟೆ ತರಲು ಮಾಳಿಗೆ ಹತ್ತಿದಾಗ ನಾನೂ ಹಿಂದೆ ಹೋದೆ. ಪಡುವಣದಲ್ಲಿ ಕತ್ತರಿಸಿದ ಉಗುರಿನಷ್ಟು ಚಂದ್ರ. ಕೈಮುಗಿದು ಬಗ್ಗಿದೆ. ಅಕ್ಕ ಕಾಲು ಹಿಂದಕ್ಕೆ ಎಳೆದುಕೊಂಡಳು.

“ಏಳು ಏಳು. ನಮ್ಮನೇಲಿ ಯಾರೂ ಯಾರ ಕಾಲಿಗೂ ಬೀಳಂಗಿಲ್ಲ.”

ನೂರು ಕಿಲೋಮೀಟರಿಗೂ ಹೆಚ್ಚು ದೂರ ಆ ಒಂದು ನಮಸ್ಕಾರವನ್ನೇ ನಂಬಿಕೊಂಡು ಬಂದಿದ್ದೆ. ನೆಟ್ಟಗೆ ನಿಂತು ಅವಳ ಮುಖ ನೋಡಿದೆ.

“ಹಂಗಾದರೆ ಬಾಯಲ್ಲೇ ಹೇಳ್ತೀನಿ. ತಪ್ಪಾಯ್ತು ಅಕ್ಕ. ಹಾಗೆ ಅನ್ನಬಾರದಿತ್ತು.”

ಅಕ್ಕ ಬಟ್ಟೆಗಳನ್ನು ಎದೆಗೆ ಒತ್ತಿಕೊಂಡು ನಿಂತಳು. “ಇಷ್ಟು ಹೇಳಾಕೆ ವರ್ಷ ಬೇಕಾತೇನೇ?” ಎಂದವಳೇ ಕಟ್ಟೆಯ ಮೇಲೆ ಕೂತು ನನಗೂ ಜಾಗ ಬಿಟ್ಟಳು.

ವರ್ಷದ ಮಾತು ಬಾಕಿಯಿತ್ತು. ಎಷ್ಟು ಹೊತ್ತಾಯಿತೋ, ಪಕ್ಕದ ಮಾಳಿಗೆಯಿಂದ ನೆರೆಮನೆಯಾಕೆ ಕೂಗಿದಳು:

“ರತ್ನಕ್ಕಾ, ಚಂದ್ರಪ್ಪ ಮುಳುಗಾಕೆ ಬಂದ! ಅವನಿಗೆ ಬೆನ್ನು ಹಾಕಿ ಅದೇನು ಹರಟ್ತೀರ್ರೀ ಇಬ್ರೂ?”